ಹಡಗಿಳಿದು ಬಂದ ಮೇಷ್ಟರು

ಇಂಗ್ಲಿಷ್ ಕಲಿಯುವ ಮಕ್ಕಳಿರುವ ಮನೆಗಳ ಕಪಾಟಿನಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದವರ ದಪ್ಪನೆಯ ನಿಘಂಟೊಂದು ಇರುವುದು ಸಾಮಾನ್ಯ. ಅದರ ಮೊದಲ ಪುಟಗಳಲ್ಲಿ ಎ. ಎಸ್. ಹಾರ್ನ್‌ಬಿ ಎಂಬ ಹೆಸರನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಈ ಗ್ರಂಥವು ಇಂಗ್ಲೆಂಡಿನ ಯಾವುದೋ ವಿದ್ಯಾಪೀಠದಲ್ಲಿ, ಪಂಡಿತಮಂಡಲಿಯೊಂದರ ಕೈಯಲ್ಲಿ ಸಿದ್ಧವಾಯಿತೆಂದು ನಾವೂ ಬಹುಕಾಲ ನಂಬಿದ್ದೆವು. ವಾಸ್ತವವಾಗಿ ಅದು ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಇಂಗ್ಲಿಷ್ ಕಲಿಸಲು ಹೋಗಿದ್ದ ಹಾರ್ನ್‌ಬಿಯವರೂ ಅವರ ಇಬ್ಬರು ಸಂಗಡಿಗರೂ ತಮ್ಮ ಜಪಾನೀ ಶಿಷ್ಯರು ಎಲ್ಲೆಲ್ಲಿ ಎಡವುತ್ತಿದ್ದರೋ ಅದನ್ನೆಲ್ಲ ಗಮನಿಸಿ ರಚಿಸಿದ ಈ ಪುಸ್ತಕವು ಮೊದಲು ಅಚ್ಚಾದದ್ದೂ ಟೋಕಿಯೋ ನಗರದಲ್ಲಿಯೇ, ೧೯೪೨ರಲ್ಲಿ. ಆಕ್ಸ್‌ಫರ್ಡಿನವರು ಅದನ್ನು ಕೈಗೆತ್ತಿಕೊಂಡದ್ದು ೧೯೪೮ರಲ್ಲಿ.

ಹೀಗೆ ತಾಯ್ನಾಡನ್ನು ಬಿಟ್ಟು, ಪರರ ನಾಡಿಗೆ ಹೋಗಿ, ತನ್ನ ಮನೆಮಾತನ್ನೇ ವಿದ್ಯೆಯೆಂದು ಮಾರುವ ಈ ಉಪಾಧ್ಯಾಯರು ಯಾರು? ಅವರಿಗಿರುವ ಯೋಗ್ಯತೆಯೇನು? ಯಾವ ಆಸೆಯಿಂದ ಹೊರಟರು? ಈ ಪ್ರಶ್ನೆಗಳು ನಮಗೆ ಕೇವಲ ಕುತೂಹಲದವಲ್ಲ. ಇಂದು ನಮ್ಮ ಪಟ್ಟಣಗಳ ಎಷ್ಟೋ ಗೃಹಸ್ಥರು ಪರದೇಶದ ಧ್ವನಿಯೊಂದು ಕಂಪ್ಯೂಟರಿನ ಪರದೆಯ ಮೇಲೆ ಮಗುವಿಗೆ ಪಾಠ ಹೇಳಲೆಂದು ಹಣ ತೆರುತ್ತಿರುವರು. ಇತ್ತ ನಮ್ಮ ತರುಣ ತರುಣಿಯರು ತಾವೂ ಹೊರದೇಶದಲ್ಲಿ ಇಂಗ್ಲಿಷ್ ಕಲಿಸಬಹುದೇ ಎಂದು ವಿಚಾರಿಸುತ್ತಿರುವರು. ಇಬ್ಬರಿಗೂ ಜಪಾನಿನ ಚರಿತ್ರೆಯಲ್ಲಿ ತಿಳಿಯತಕ್ಕದ್ದು ಬೇಕಾದಷ್ಟಿದೆ.

ಅಲ್ಲಿ ಇಂಗ್ಲಿಷರ ಮಾತನ್ನು ಹುಟ್ಟುಮಾತಾಗಿ ಆಡುವವರಲ್ಲಿ ಮೊದಲು ಪಾಠ ಹೇಳಿದವನು ರೆನಾಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ ಯುವಕ. ಈತನು ೧೮೨೪ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಜನಿಸಿದನು. ತಂದೆ ಹಡ್ಸನ್ ಬೇ ಕಂಪನಿಯ ನೌಕರಿಯಲ್ಲಿದ್ದ ಸ್ಕಾಟ್ಲೆಂಡಿನವನು. ತಾಯಿ ಅಲ್ಲಿನ ಚಿನೂಕ್ ಎಂಬ ಮೂಲನಿವಾಸಿಗಳ ಮುಖಂಡನ ಮಗಳು. ಹುಡುಗನನ್ನು ಒಂದು ಬ್ಯಾಂಕಿನ ಗುಮಾಸ್ತಗಿರಿಗೆ ಹಚ್ಚಿದರು. ಲೆಕ್ಕದ ಪುಸ್ತಕ ಆತನಿಗೆ ಹಿಡಿಸಲಿಲ್ಲ. ಓಡಿಹೋಗಿ ಹಡಗು ಹತ್ತಿದನು. ತನ್ನ ತಾಯಿಯ ಜನಕ್ಕೂ ಜಪಾನೀಯರಿಗೂ ಪೂರ್ವದ ರಕ್ತಸಂಬಂಧವುಂಟೆಂಬ ನಂಬಿಕೆ ಆತನ ತಲೆಯಲ್ಲಿ ಹೊಕ್ಕಿತ್ತೆಂದು ಹೇಳುವರು. ಆಗ ಜಪಾನು ಪರದೇಶೀಯರಿಗೆ ಬಾಗಿಲು ಮುಚ್ಚಿಕೊಂಡಿದ್ದ ಕಾಲ. ೧೮೪೮ರಲ್ಲಿ ತಿಮಿಂಗಿಲ ಬೇಟೆಯ ಹಡಗೊಂದರಿಂದ ಸಣ್ಣ ದೋಣಿಯಲ್ಲಿ ಇಳಿದು, ನೌಕಾಭಂಗವಾದವನಂತೆ ನಟಿಸಿ, ಉತ್ತರದ ದ್ವೀಪವೊಂದರ ದಡ ಸೇರಿದನು. ಅಧಿಕಾರಿಗಳು ಹಿಡಿದು ನಾಗಾಸಾಕಿಗೆ ಕೊಂಡೊಯ್ದು ದೇವಾಲಯವೊಂದರಲ್ಲಿ ಸೆರೆಯಿಟ್ಟರು. ಅಲ್ಲಿಯೇ ಸರಕಾರದ ದುಭಾಷಿಗಳು ಹದಿನಾಲ್ಕು ಮಂದಿ ಆತನ ಮುಂದೆ ಕುಳಿತು ಇಂಗ್ಲಿಷ್ ಕಲಿತರು.

ಪಾಠದ ಕ್ರಮ ಬಹು ಸರಳ. ಶಿಷ್ಯರು ಗಟ್ಟಿಯಾಗಿ ಓದುವರು; ಗುರುವು ಉಚ್ಚಾರ ತಿದ್ದುವನು; ಅರ್ಥವನ್ನು ತನಗೆ ತಿಳಿದಷ್ಟು ಜಪಾನಿಯಲ್ಲಿ, ತಿಳಿಯದುದನ್ನು ಕೈಸನ್ನೆಯಲ್ಲಿ ಹೇಳುವನು. 'ರ'ಕಾರ 'ಲ'ಕಾರಗಳ ಭೇದವು ಶಿಷ್ಯರ ನಾಲಗೆಗೆ ಎಷ್ಟಕ್ಕೂ ಬಗ್ಗಲಿಲ್ಲವಂತೆ. ಸೆರೆಯಾಳಾದ ಮೇಷ್ಟರು ಸುಮ್ಮನಿರದೆ ತಾನು ಕೇಳಿದ ಜಪಾನೀ ಶಬ್ದಗಳನ್ನೆಲ್ಲ ಒಂದು ಪಟ್ಟಿಯಾಗಿ ಬರೆದಿಡುತ್ತಿದ್ದನು. ಏಳೆಂಟು ತಿಂಗಳಲ್ಲಿ, ೧೮೪೯ರ ಏಪ್ರಿಲಿನಲ್ಲಿ, ಅಮೆರಿಕದ ಯುದ್ಧನೌಕೆಯೊಂದು ಬಂದು ಆತನನ್ನು ಬಿಡಿಸಿಕೊಂಡು ಹೋಯಿತು. ಆದರೆ ೧೮೫೪ರಲ್ಲಿ ಪೆರಿ ಎಂಬ ಅಮೆರಿಕನ್ ನೌಕಾಧಿಪತಿಯೊಡನೆ ಜಪಾನು ಒಪ್ಪಂದ ಮಾಡಿಕೊಳ್ಳುವಾಗ ದುಭಾಷಿಯಾಗಿ ನಿಂತ ಮೊರಿಯಾಮ ಐನೊಸುಕೆ ಎಂಬವರು ಆ ಹದಿನಾಲ್ಕು ಮಂದಿಯಲ್ಲಿ ಒಬ್ಬರು. ಗುರುವಿನ ಯೋಗ್ಯತಾಪತ್ರವನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ತೋರಿಸಲು ಅವನಲ್ಲಿ ಇರಲೂ ಇಲ್ಲ.

ಈ ಒಂದು ದೃಷ್ಟಾಂತದಿಂದ, ಯೋಗ್ಯತೆಯೇ ಬೇಡವೆಂದು ಯಾರಾದರೂ ತೀರ್ಮಾನಿಸುವುದಾದರೆ ಅವರು ಮುಂದಿನ ಕಥೆಯನ್ನೂ ಕೇಳತಕ್ಕದ್ದು. ದೇಶದ ಬಾಗಿಲು ತೆರೆದು, ೧೮೬೮ರಲ್ಲಿ ಮೇಜಿ ಯುಗ ಆರಂಭವಾದ ಮೇಲೆ, ಇಂಗ್ಲಿಷ್ ಬಲ್ಲವರಿಗೆ ವಿಪರೀತ ಗಿರಾಕಿ ಹುಟ್ಟಿತು. ಬಂದರಿನಲ್ಲಿ ಇಳಿದವನೆಲ್ಲ 'ಪ್ರೊಫೆಸರ'ನಾದನು. ೧೮೭೦ರ ಕೊನೆಯಲ್ಲಿ ಬಂದು ಫುಕುಯಿ ಎಂಬ ಊರಿನಲ್ಲಿ ರಸಾಯನಶಾಸ್ತ್ರವನ್ನು ಕಲಿಸಿದ ವಿಲಿಯಂ ಗ್ರಿಫಿಸ್ ಎಂಬ ಅಮೆರಿಕನ್ ಪದವೀಧರರು, ೧೮೭೬ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಮಂದಿಯನ್ನು ಚೆನ್ನಾಗಿ ಝಾಡಿಸಿರುವರು. ಬಟ್ಟೆಯಂಗಡಿಯ ಗುಮಾಸ್ತರು, ಹಡಗಿನ ಖಲಾಸಿಗಳು, ಕಸಾಯಿಖಾನೆಯಿಂದ ಬಂದವರು ಮುಂತಾಗಿ, ರೇವುಪಟ್ಟಣಗಳಲ್ಲಿ ತೇಲಾಡುವ ಕಸದಂಥವರು ಪಾಠಶಾಲೆಗಳನ್ನು ಹೊಕ್ಕಿದ್ದರೆಂಬುದು ಅವರ ದೂರು. ಪಾಪ, ಪೋಷಕರಿಗೂ ಅಧಿಕಾರಿಗಳಿಗೂ ಒಬ್ಬನ ಇಂಗ್ಲಿಷಿಗೂ ಇನ್ನೊಬ್ಬನ ಇಂಗ್ಲಿಷಿಗೂ ಭೇದ ತಿಳಿಯುವ ಬಗೆಯೆಂತು? ಕೊಳ್ಳುವವನಿಗೆ ಸರಕಿನ ಪರೀಕ್ಷೆ ತಿಳಿಯದಿರುವಲ್ಲಿ ಮಾರುವವನ ಮುಖವೇ ಮುದ್ರೆಯಾಗುವುದು.

ಅದೇ ಕಾಲದಲ್ಲಿ ನಾಗಾಸಾಕಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಗ್ವೀಡೊ ವರ್ಬೆಕ್ ಎಂಬ ಪಾದ್ರಿಗಳು ಹುಟ್ಟಿನಿಂದ ಹಾಲೆಂಡಿನವರು. ಇಂಗ್ಲಿಷ್ ಅವರ ಮನೆಮಾತಲ್ಲ. ಅಮೆರಿಕಕ್ಕೆ ವಲಸೆ ಹೋಗಿ, ಎಂಜಿನಿಯರಿಕೆ ಮಾಡಿ, ಪ್ರಾಣಾಂತಿಕವಾದ ರೋಗದಿಂದ ಉಳಿದೆದ್ದು, ಮಿಷನರಿಯಾಗಿ ೧೮೫೯ರಲ್ಲಿ ಜಪಾನಿಗೆ ಬಂದಿದ್ದರು. ಕ್ರಿಸ್ತಮತಬೋಧೆಗೆ ಅಲ್ಲಿ ೧೮೭೩ರವರೆಗೂ ನಿಷೇಧವಿದ್ದುದರಿಂದ ಅವರಿಗೆ ಉಳಿದ ದಾರಿ ಪಾಠಶಾಲೆಯೊಂದೇ. ಇಂಗ್ಲಿಷ್ ಅವರಿಗೆ ಸಾಧನ, ಗುರಿ ಬೇರೆ. ಹೊಸ ಒಡಂಬಡಿಕೆಯನ್ನೂ ಅಮೆರಿಕದ ರಾಜ್ಯಾಂಗವನ್ನೂ ಪಠ್ಯವಾಗಿಟ್ಟುಕೊಂಡು ಕಲಿಸಿದರು. ಶಿಷ್ಯರೋ ರಾಜ್ಯಾಂಗವನ್ನು ಹಿಡಿದುಕೊಂಡರು. ಅವರಲ್ಲೊಬ್ಬರಾದ ಒಕುಮ ಶಿಗೆನೊಬು ಮುಂದೆ ಎರಡು ಸಾರಿ ಪ್ರಧಾನಮಂತ್ರಿಗಳಾದರು, ಇಂದಿನ ವಾಸೆಡ ವಿಶ್ವವಿದ್ಯಾಲಯದ ಮೂಲವಾದ ವಿದ್ಯಾಸಂಸ್ಥೆಯನ್ನು ೧೮೮೨ರಲ್ಲಿ ಸ್ಥಾಪಿಸಿದರು. ಗುರುವಿನ ಉದ್ದೇಶ ಒಂದು, ಶಿಷ್ಯನಿಗೆ ದಕ್ಕಿದ ಫಲ ಇನ್ನೊಂದು. ಆದ್ದರಿಂದ ಉದ್ದೇಶವನ್ನು ಮಾತ್ರ ಅಳೆದು ಉಪಾಧ್ಯಾಯನ ಬೆಲೆ ಕಟ್ಟಲು ನಮಗೆ ಧೈರ್ಯವಾಗದು.

ಲಫ್ಕಾಡಿಯೊ ಹರ್ನ್ ಅವರ ಕಥೆಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಗ್ರೀಕ್ ತಾಯಿ, ಐರಿಷ್ ತಂದೆ, ಎಡಗಣ್ಣು ಕುರುಡು, ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲ. ಅಮೆರಿಕದಲ್ಲಿ ಪತ್ರಿಕೋದ್ಯಮದಿಂದ ಹೊಟ್ಟೆ ಹೊರೆದುಕೊಂಡು, ೧೮೯೦ರಲ್ಲಿ ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆಯಲೆಂದು ಜಪಾನಿಗೆ ಬಂದರು. ಜೊತೆಗೆ ಬಂದ ಚಿತ್ರಕಾರನಿಗೆ ತಮಗಿಂತ ಹೆಚ್ಚು ಹಣವೆಂದು ತಿಳಿದೊಡನೆ ಸಿಟ್ಟಾಗಿ ಆ ಕೆಲಸವನ್ನೇ ಬಿಟ್ಟರು. ಹೀಗೆ ಕೈ ಬರಿದಾಗಿದ್ದಾಗ ಸ್ನೇಹಿತರ ಸಹಾಯದಿಂದ ದೊರೆತದ್ದು ಮಾತ್ಸುಎ ಎಂಬ ಸಣ್ಣ ಊರಿನ ಶಾಲೆಯ ಇಂಗ್ಲಿಷ್ ಮೇಷ್ಟರ ಕೆಲಸ. ಅಂದರೆ ಕಲಿಸಲೆಂದು ಬಂದವರಲ್ಲ, ಬದುಕಲು ಕಲಿಸಿದವರು.

ಆದರೆ ತರಗತಿಯಲ್ಲಿ ಅವರು ಮಾಡಿದ್ದನ್ನು ನೋಡಿರಿ. ಹುಡುಗರಿಗೆ ಅವರ ಊರಿನ, ಅವರ ಮನೆಯ, ಅವರು ಕೇಳಿದ ಕಥೆಗಳ ವಿಷಯವನ್ನು ಕೊಟ್ಟು ಇಂಗ್ಲಿಷಿನಲ್ಲಿ ಬರೆಯಿಸಿದರು. ಆ ಬರಹಗಳಲ್ಲಿ ಕೆಲವನ್ನು ೧೮೯೪ರ ತಮ್ಮ ಗ್ರಂಥದಲ್ಲಿ ಗೌರವದಿಂದ ಸೇರಿಸಿದರು. ಶಿಷ್ಯರ ತಪ್ಪುಗಳನ್ನು ಎತ್ತಿ ನಗುವ ಪರದೇಶೀಯರು ಅನೇಕರಿದ್ದರು. ಶಿಷ್ಯರಿಂದ ತಾವು ಕಲಿಯಬೇಕಾದದ್ದುಂಟೆಂದು ಕುಳಿತವರು ಅಪರೂಪ. ಕೊಯಿಜುಮಿ ಸೆತ್ಸು ಎಂಬಾಕೆಯನ್ನು ಮದುವೆಯಾಗಿ, ೧೮೯೬ರಲ್ಲಿ ಜಪಾನಿನ ಪ್ರಜೆಯಾಗಿ, ಹೆಸರನ್ನೂ ಕೊಯಿಜುಮಿ ಯಾಕುಮೊ ಎಂದು ಬದಲಾಯಿಸಿಕೊಂಡರು. ಹೆಂಡತಿಯೊಡನೆ ಆಡುತ್ತಿದ್ದ ಜಪಾನೀ ಮಾತು ಮಾತ್ರ ಕೊನೆಯವರೆಗೂ ಹರುಕುಮುರುಕಾಗಿಯೇ ಉಳಿಯಿತು. ಆಕೆ ಆ ಮಾತಿನಲ್ಲಿಯೇ ಹೇಳಿದ ಕಥೆಗಳಿಂದ ಅವರ ಪ್ರಸಿದ್ಧ ಗ್ರಂಥಗಳು ಹುಟ್ಟಿದವು. ನಮ್ಮ ಗೃಹಿಣಿಯರು ಇದನ್ನು ಗಮನಿಸತಕ್ಕದ್ದೆಂದು ನಮಗೆ ತೋರುವುದು.

ಅದೇ ವರ್ಷ ಟೋಕಿಯೋ ವಿಶ್ವವಿದ್ಯಾಲಯವು ಅವರನ್ನು ಆಂಗ್ಲಸಾಹಿತ್ಯಕ್ಕೆ ನೇಮಿಸಿತು. ವಿದ್ಯಾರ್ಥಿಗಳು ಬರೆದುಕೊಳ್ಳುವಷ್ಟು ನಿಧಾನವಾಗಿ ಉಪನ್ಯಾಸ ಮಾಡುತ್ತಿದ್ದರು. ಅವರ ಮರಣಾನಂತರ ಆ ಟಿಪ್ಪಣಿಗಳೇ ಪುಸ್ತಕಗಳಾದವು. ೧೯೦೩ರಲ್ಲಿ ವಿಶ್ವವಿದ್ಯಾಲಯವು ಅವರನ್ನು ಮುಂದುವರಿಸಲಿಲ್ಲ. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಹರ್ನ್ ಮರುವರ್ಷವೇ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದವರಲ್ಲಿ ಮುಖ್ಯರು ಸರಕಾರದ ಖರ್ಚಿನಲ್ಲಿ ಎರಡು ವರ್ಷ ಲಂಡನ್ನಿನಲ್ಲಿ ಓದಿ ಬಂದಿದ್ದ ಜಪಾನೀಯರೇ ಆದ ನಾತ್ಸುಮೆ ಸೋಸೆಕಿ. ಹರ್ನರ ಮೇಲಿನ ಮೋಹದಿಂದ ವಿದ್ಯಾರ್ಥಿಗಳು ಮೊದಮೊದಲು ಈ ಹೊಸಬರ ಪಾಠವನ್ನು ಶುಷ್ಕವೆಂದು ಜರೆದರು. ಸೋಸೆಕಿಯವರು ೧೯೦೭ರಲ್ಲಿ ಕೆಲಸ ಬಿಟ್ಟು ಪತ್ರಿಕೆಯೊಂದನ್ನು ಸೇರಿ, ತಮ್ಮ ದೇಶದ ಮಹಾಕಾದಂಬರಿಕಾರರಾದರು. ಇಲ್ಲಿ ತಪ್ಪು ಯಾರದು? ಹರ್ನರಿಗೆ ಅನ್ಯಾಯವಾಯಿತೆಂಬುದು ನಿಜ. ಆದರೆ ದುಬಾರಿ ಸಂಬಳದ ಪರದೇಶೀಯರನ್ನು ಕೆಲವು ಕಾಲ ಮಾತ್ರ ಇರಿಸಿಕೊಂಡು, ಆ ಸ್ಥಾನಗಳಿಗೆ ತಮ್ಮವರನ್ನು ತಯಾರು ಮಾಡತಕ್ಕದ್ದೆಂಬ ಜಪಾನ್ ಸರಕಾರದ ಧೋರಣೆಯನ್ನು ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ.

೧೯೨೨ರಲ್ಲಿ ಅದೇ ಸರಕಾರವು ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷರನ್ನು ಸಲಹೆಗಾರರಾಗಿ ಬರಮಾಡಿಕೊಂಡಿತು. ಇವರೂ ಪದವೀಧರರಲ್ಲ. ಇಪ್ಪತ್ತು ವರ್ಷ ಮೊದಲು ಬೆಲ್ಜಿಯಂ ದೇಶದ ಖಾಸಗಿ ಭಾಷಾಶಾಲೆಯೊಂದರಲ್ಲಿ ಮೇಷ್ಟರಾಗಿ ಆರಂಭಿಸಿ, ಸ್ವಂತ ಅಧ್ಯಯನದಿಂದ ಲಂಡನ್ ವಿಶ್ವವಿದ್ಯಾಲಯದವರೆಗೆ ಏರಿದವರು. ಮರುವರ್ಷ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, ಕಲಿಯುವವನಿಗೆ ಮೊದಲು ಬೇಕಾದ ಶಬ್ದಗಳಾವುವು, ವಾಕ್ಯದ ಅಚ್ಚುಗಳಾವುವು ಎಂದು ಹದಿಮೂರು ವರ್ಷ ಹುಡುಕಿದರು. ಟೋಕಿಯೋ ವಿಶ್ವವಿದ್ಯಾಲಯವು ೧೯೩೫ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಹಾರ್ನ್‌ಬಿಯವರು ಅವರ ಸಹಾಯಕರು. ಅವರು ಜಪಾನಿಗೆ ಬಂದದ್ದು ಸಾಹಿತ್ಯಬೋಧೆಗೆ. ಶಿಷ್ಯರಿಗೆ ಬೇಕಾದದ್ದು ಕಾವ್ಯವಲ್ಲ, ಭಾಷೆ ಎಂದು ಮನವರಿಕೆಯಾಗಿ ದಾರಿ ಬದಲಿಸಿದರು. ೧೯೪೧ರ ಡಿಸೆಂಬರಿನಲ್ಲಿ ಯುದ್ಧ ಆರಂಭವಾದಾಗ ಬಂಧನಕ್ಕೊಳಗಾಗಿ ಮರುವರ್ಷ ಸ್ವದೇಶಕ್ಕೆ ಮರಳಿದರು.

ಇಷ್ಟು ಅನುಭವವಿದ್ದರೂ, ಯುದ್ಧಾನಂತರ ಲೋಕವು ಹಿಡಿದ ದಾರಿ ಆಶ್ಚರ್ಯಕರ. ೧೯೬೧ರಲ್ಲಿ ಉಗಾಂಡದ ಮಾಕೆರೆರೆಯಲ್ಲಿ ಕೂಡಿದ ಪರಿಷತ್ತು ಇಂಗ್ಲಿಷನ್ನು ಹುಟ್ಟುಮಾತಾಗಿ ಆಡುವವನೇ ಆದರ್ಶ ಉಪಾಧ್ಯಾಯನೆಂಬ ಭಾವನೆಗೆ ಬಲ ಕೊಟ್ಟಿತು. ೧೯೯೨ರಲ್ಲಿ ರಾಬರ್ಟ್ ಫಿಲಿಪ್‌ಸನ್ ಎಂಬ ಇಂಗ್ಲಿಷ್ ವಿದ್ವಾಂಸರೇ ಇದನ್ನು ಭ್ರಮೆಯೆಂದು ಖಂಡಿಸಿದರು. ತಾನೇ ಕಷ್ಟಪಟ್ಟು ಕಲಿತವನಿಗೆ ಶಿಷ್ಯನು ಎಲ್ಲಿ ಮುಗ್ಗರಿಸುವನೆಂಬುದು ಮೊದಲೇ ಗೊತ್ತಿರುವುದೆಂದು ಹಂಗೆರಿಯ ಪೀಟರ್ ಮೆಜೆಶ್ ೧೯೯೪ರಲ್ಲಿ ಗ್ರಂಥವನ್ನೇ ಬರೆದರು. ಪೇಟೆಯು ಇದಾವುದನ್ನೂ ಕೇಳಲಿಲ್ಲ.

ಜಪಾನು ೧೯೮೭ರಲ್ಲಿ ನಾಲ್ಕು ದೇಶಗಳಿಂದ ೮೪೮ ಮಂದಿಯನ್ನು ಕರೆಸಿ ಸರಕಾರೀ ಯೋಜನೆಯೊಂದನ್ನು ಆರಂಭಿಸಿತು. ಶಾಲೆಗಳಿಗೆ ಹೋಗುವ ಇವರಿಗೆ ಯಾವುದಾದರೂ ವಿಷಯದಲ್ಲಿ ಪದವಿಯಿದ್ದರೆ ಸಾಕು, ಬೋಧನಶಿಕ್ಷಣ ಕಡ್ಡಾಯವಲ್ಲ. ಆದರೆ ಹೆಸರಿನಲ್ಲಿಯೇ ಇವರು ಸಹಾಯಕರು. ಪಾಠದ ಹೊಣೆ ಜಪಾನೀ ಉಪಾಧ್ಯಾಯರದು. ಖಾಸಗಿ ಅಂಗಡಿಗಳಲ್ಲಿ ಈ ಎಚ್ಚರವೂ ಇರಲಿಲ್ಲ. ೨೦೦೭ರ ಅಕ್ಟೋಬರಿನಲ್ಲಿ ನೋವಾ ಎಂಬ ಅಲ್ಲಿನ ಅತಿದೊಡ್ಡ ಸಂಭಾಷಣಾಶಾಲೆಗಳ ಸರಣಿ ದಿವಾಳಿಯಾದಾಗ ಮುಂಗಡ ಶುಲ್ಕ ತೆತ್ತಿದ್ದ ಲಕ್ಷಾಂತರ ವಿದ್ಯಾರ್ಥಿಗಳೂ ಸಂಬಳವಿಲ್ಲದೆ ಸಾವಿರಾರು ಪರದೇಶೀ ಉಪಾಧ್ಯಾಯರೂ ಬೀದಿಪಾಲಾದರು. ಊಟ ಕೊಟ್ಟರೆ ಪಾಠ ಹೇಳುವ ಏರ್ಪಾಟನ್ನು ಕಾರ್ಮಿಕ ಸಂಘದವರು ಮಾಡಬೇಕಾಯಿತು. ಸುಖಯಾತ್ರೆಗೆಂದೋ ಓದಿನ ಸಾಲ ತೀರಿಸಲೆಂದೋ ಬಂದಿದ್ದ ಹುಡುಗರಿಗೆ ಅದು ಕಠಿಣ ಪಾಠವೇ ಸರಿ. ಸಾಲ ತೀರಿಸಲು ದುಡಿಯುವುದು ದೋಷವಲ್ಲ. ಯಾವ ಮೇಷ್ಟರೂ ಗಾಳಿ ಕುಡಿದು ಬದುಕುವುದಿಲ್ಲ.

ದಕ್ಷಿಣ ಕೊರಿಯದ ನಿಯಮವು ನಮಗೆ ಹತ್ತಿರದ್ದು. ಅಲ್ಲಿ ಇಂಗ್ಲಿಷ್ ಕಲಿಸುವ ಪರವಾನಗಿಯು ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ ಏಳು ದೇಶಗಳ ಪದವೀಧರರಿಗೆ ಮೀಸಲು. ೨೦೧೦ರ ಜನವರಿಯಿಂದ ಜಾರಿಗೆ ಬಂದ ಭಾರತ-ಕೊರಿಯ ಒಪ್ಪಂದದಿಂದ ನಮ್ಮವರಿಗೂ ಸಹಾಯಕ ಉಪಾಧ್ಯಾಯರಾಗುವ ಕಿರುಬಾಗಿಲು ತೆರೆಯಿತು. ಆದರೆ ಭಾರತೀಯರು ಪದವಿಯ ಜೊತೆಗೆ ಉಪಾಧ್ಯಾಯ ಶಿಕ್ಷಣದ ಯೋಗ್ಯತಾಪತ್ರವನ್ನೂ ತೋರಿಸತಕ್ಕದ್ದು. ಏಳು ದೇಶದವರಿಗೆ ಈ ಕಟ್ಟಳೆಯಿಲ್ಲ. ಯೋಗ್ಯತಾಪತ್ರ ಕೇಳುವುದು ನ್ಯಾಯವೇ; ಒಬ್ಬರನ್ನು ಕೇಳಿ ಇನ್ನೊಬ್ಬರನ್ನು ಬಿಡುವುದು ಯಾವ ನ್ಯಾಯವೆಂದು ನಮಗೆ ಅರ್ಥವಾಗಿಲ್ಲ. ಲೋಕದಲ್ಲಿ ಬಹುಮಾನ್ಯವಾದ ಕೇಂಬ್ರಿಜ್ಜಿನ ಆರಂಭಿಕ ಯೋಗ್ಯತಾಪತ್ರಕ್ಕೆ ಸುಮಾರು ೧೨೦ ಗಂಟೆಗಳ ಶಿಕ್ಷಣ, ನಿಜವಾದ ವಿದ್ಯಾರ್ಥಿಗಳ ಮುಂದೆ ೬ ಗಂಟೆಗಳ ಪಾಠ. ನಮ್ಮಲ್ಲಿ ೨೦೧೫ರಲ್ಲಿ ಎರಡು ವರ್ಷಕ್ಕೆ ಹಿಗ್ಗಿಸಿದ ಬಿ.ಎಡ್. ಮುಗಿಸಿದ ಧಾರವಾಡದ ಅಥವಾ ಶಿವಮೊಗ್ಗದ ಹೆಣ್ಣುಮಗಳು ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ನಿಟ್ಟುಸಿರು ಬಿಟ್ಟರೆ ಅಪರಾಧವಲ್ಲ.

ಇದರಲ್ಲಿ ಒಂದು ವಿನೋದವೂ ಇದೆ. ಪರದೇಶಗಳಲ್ಲಿ ಇಂಗ್ಲಿಷ್ ಕಲಿಸಲು ಹೊರಡುವವರು ಓದುವ ಬೋಧನಶಾಸ್ತ್ರದ ಗ್ರಂಥಗಳಲ್ಲಿ 'ಬೆಂಗಳೂರು ಯೋಜನೆ' ಎಂಬುದು ಸುಪ್ರಸಿದ್ಧ. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರು, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯೊಡನೆ, ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ನಡೆಸಿದ ಪ್ರಯೋಗವದು. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ನಕಾಶೆಯನ್ನೋ ಇಡುವುದು. ಇಂಥ ಹೊತ್ತಿಗೆ ಹೊರಟರೆ ಇಂಥ ಊರನ್ನು ಯಾವಾಗ ಮುಟ್ಟಬಹುದೆಂಬಂಥ ಸಮಸ್ಯೆಯನ್ನು ಮೊದಲು ಎಲ್ಲರೂ ಕೂಡಿ ಬಿಡಿಸುವುದು. ಅಂಥದೇ ಇನ್ನೊಂದನ್ನು ಪ್ರತಿಯೊಂದು ಮಗುವೂ ತಾನೇ ಬಿಡಿಸುವುದು. ಮನಸ್ಸು ಲೆಕ್ಕದಲ್ಲಿರುವಾಗ ಭಾಷೆಯು ತಾನಾಗಿ ಒಳಗಿಳಿಯುವುದೆಂಬುದು ತತ್ತ್ವ. ಇಂಗ್ಲಿಷ್ ಮನೆಮಾತಾಗಿಲ್ಲದ ಮಕ್ಕಳು ಹೀಗೆ ಕಲಿತದ್ದನ್ನು ಇಂಗ್ಲಿಷ್ ಮನೆಮಾತಾಗಿರುವವರು ಓದಿಕೊಂಡು ಕಲಿಸಲು ಹೊರಡುತ್ತಿರುವರು.

ಪರದೆಯ ಮೇಲಿನ ಪರದೇಶೀ ಪಾಠಕ್ಕೆ ಹಣ ಕಟ್ಟುವ ಮೊದಲು ಏನು ವಿಚಾರಿಸಬೇಕೆಂದು ವಾಚಕರು ಕೇಳಬಹುದು. ಯಾವ ದೇಶದವರೆಂಬುದು ತಾನಾಗಿಯೇ ತಿಳಿಯುವುದು. ಅದನ್ನು ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕಿರುವರು. ಎಲ್ಲಿ ಕಲಿಸಲು ಕಲಿತರು, ಎಷ್ಟು ಕಾಲ, ಬೇರೊಂದು ಭಾಷೆಯನ್ನು ತಾವೇ ಕಲಿಯಲು ಎಂದಾದರೂ ತಿಣುಕಿದ್ದುಂಟೇ ಎಂದು ಕೇಳಿರಿ. ಅನಂತರ ಒಂದು ಪಾಠದ ಹೊತ್ತು ಮಗುವಿನ ಹಿಂದೆ ಸದ್ದಿಲ್ಲದೆ ಕುಳಿತುಕೊಳ್ಳಿರಿ. ಮೇಷ್ಟರು ಆಡಿದ ವಾಕ್ಯಗಳಿಗೆ ಚೀಟಿಯ ಒಂದು ಬದಿಯಲ್ಲಿ ಗೀಟು ಹಾಕಿ, ಮಗುವು ಆಡಿದವುಗಳಿಗೆ ಇನ್ನೊಂದು ಬದಿಯಲ್ಲಿ ಗೀಟು ಹಾಕಿ, ಪಾಠ ಮುಗಿದ ಮೇಲೆ ಎರಡನ್ನೂ ಎಣಿಸಿ ನೋಡಿರಿ.