ವಸ್ತಿ ಬಸ್ಸಿನ ಲೆಕ್ಕದಲ್ಲಿ ಗದಗ ಜಿಲ್ಲೆ

ಹಂಪಿ ಮುಗಿಸಿ ಬಾದಾಮಿಗೆ ಹೊರಟವರಲ್ಲಿ ಎಷ್ಟೋ ಮಂದಿಗೆ ಗದಗ ಎಂದರೆ ರೈಲು ಬದಲಿಸುವ ಜಂಕ್ಷನ್, ಅಷ್ಟೆ. ಪ್ಲಾಟ್‌ಫಾರ್ಮಿನ ಮೇಲೆ ಒಂದು ಚಹಾ ಕುಡಿದು ಮುಂದಿನ ಗಾಡಿ ಹತ್ತಿಬಿಡುತ್ತಾರೆ. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಗೆ ಎರಡು ದಿನ ಕೊಟ್ಟರೆ ನಷ್ಟವಿಲ್ಲ. ಆದರೆ ಇಲ್ಲಿ ತಿರುಗಲು ಮ್ಯಾಪಿಗಿಂತ ಬಸ್ಸಿನ ವೇಳೆ ತಿಳಿದಿರುವುದು ಮುಖ್ಯ.

ತಲುಪುವುದು ಸುಲಭ. ಹುಬ್ಬಳ್ಳಿಯಿಂದ ಸುಮಾರು 60 ಕಿ.ಮೀ.; ಬಸ್ಸೂ ಉಂಟು, ರೈಲೂ ಉಂಟು. ಬೆಂಗಳೂರಿನವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಹೊಸಪೇಟೆ, ಕೊಪ್ಪಳ ದಾಟಿ ಗದಗಿನಲ್ಲೇ ಇಳಿಯಬಹುದು. ವಾಸ್ತವ್ಯ ಗದಗ ಪಟ್ಟಣದಲ್ಲೇ ಇರಲಿ. ಲಾಡ್ಜು, ಖಾನಾವಳಿ, ಎಟಿಎಂ, ಔಷಧ ಅಂಗಡಿ ಎಲ್ಲವೂ ಇಲ್ಲಿವೆ. ಹಳ್ಳಿಗಳಲ್ಲಿ ಉಳಿಯುವ ವ್ಯವಸ್ಥೆ ಕಡಿಮೆ.

ಇನ್ನು ಬಸ್ಸಿನ ವಿಷಯ. ಸಂಜೆಯ ಕೊನೆಯ ಗಾಡಿ ಎಂದು ಊರವರು ಹೇಳುವುದು ಸಾಮಾನ್ಯವಾಗಿ ವಸ್ತಿ ಬಸ್ಸನ್ನು. ಅದು ಗದಗಿನಿಂದ ಹಳ್ಳಿಗೆ ಹೋಗುತ್ತದೆ, ಮರಳುವುದಿಲ್ಲ. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗಿ ಬೆಳಿಗ್ಗೆ ಶಾಲೆ-ಕಾಲೇಜಿನ ಹುಡುಗರನ್ನೂ ಹಾಲಿನ ಕ್ಯಾನುಗಳನ್ನೂ ಹೇರಿಕೊಂಡು ಪಟ್ಟಣಕ್ಕೆ ಬರುತ್ತಾರೆ. ಹಳ್ಳಿಗರ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದ ವ್ಯವಸ್ಥೆ, ಪ್ರವಾಸಿಗನಿಗೆ ಮಾತ್ರ ತಿರುಗುಮುರುಗು. ಆದ್ದರಿಂದ ಊರು ಮುಟ್ಟಿದ ಕೂಡಲೇ ಕೇಳಬೇಕಾದ ಪ್ರಶ್ನೆ ‘ಕಡೀ ಬಸ್ಸು ಎಷ್ಟಕ್ಕೈತ್ರಿ?’ ಎಂದಲ್ಲ, ‘ಗದಗಕ್ಕ ತಿರುಗಿ ಹೋಗೂ ಕಡೀ ಗಾಡಿ ಯಾವುದ್ರಿ?’ ಎಂದು. ಅದೂ ತಪ್ಪಿದರೆ ಟಂಟಂ ಇದೆ, ಸೀಟು ತುಂಬುವ ತನಕ ಕಾಯುವ ತಾಳ್ಮೆ ಇದ್ದವರಿಗೆ. ರಾಜ್ಯದ ಹೆಣ್ಣುಮಕ್ಕಳು ಆಧಾರ್ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಎಕ್ಸ್‌ಪ್ರೆಸ್ ಗಾಡಿ ಸಣ್ಣ ಊರುಗಳಲ್ಲಿ ನಿಲ್ಲದೆಯೂ ಹೋಗಬಹುದು, ಹತ್ತುವ ಮೊದಲೇ ಕಂಡಕ್ಟರರನ್ನು ಕೇಳಿಕೊಳ್ಳಿ.

ಮೊದಲ ಬೆಳಿಗ್ಗೆ ಲಕ್ಕುಂಡಿಗೆ ಇರಲಿ. ಹೊಸಪೇಟೆ ರಸ್ತೆಯಲ್ಲಿ ಹನ್ನೆರಡು ಕಿ.ಮೀ. ಇಲ್ಲಿ ಗುಡಿಗಳು ಊರ ಹೊರಗಿಲ್ಲ. ಮನೆ, ಹಿತ್ತಿಲು, ದನದ ಕೊಟ್ಟಿಗೆಗಳ ನಡುವೆಯೇ ಇವೆ, ಹೀಗಾಗಿ ನಡೆದೇ ನೋಡಬೇಕು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ನಿಂತಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳೂ ಇವಳೇ. ಕಾಶಿವಿಶ್ವೇಶ್ವರದಲ್ಲಿ ಶಿವನಿಗೆ ಎದುರಾಗಿ ಸೂರ್ಯನ ಗುಡಿ. ಬಾಗಿಲವಾಡದ ಹತ್ತಿರ ಹೋಗಿ ನೋಡಿ, ಒಂದರ ಪಕ್ಕ ಒಂದು ಪಟ್ಟಿ: ಬಳ್ಳಿ, ಹೂ, ಬೆರಳ ತುದಿಯಷ್ಟು ದೊಡ್ಡ ಮೂರ್ತಿಗಳು. ಬಳಪದ ಕಲ್ಲು ಮೆತ್ತಗೆ. ಉಳಿ ಹೇಳಿದಂತೆ ಕೇಳಿದೆ. ಆದರೆ ನನಗೆ ಕೇಳಿದರೆ ಲಕ್ಕುಂಡಿಯ ಜೀವ ಇರುವುದು ಮಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯಲ್ಲಿ. ಮೆಟ್ಟಿಲು ಇಳಿಯುತ್ತ ಹೋದಂತೆ ಗೋಡೆಯೊಳಗೆ ಪುಟ್ಟ ಪುಟ್ಟ ಗುಡಿಗಳು ಸಿಗುತ್ತವೆ. ಊರಿಗೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತನ್ನು ಎಣಿಸಿ ನೋಡುವ ಅಗತ್ಯವಿಲ್ಲ, ಬಾವಿಗಳೂ ಗುಡಿಗಳಷ್ಟೇ ಮುಖ್ಯ ಎಂದು ಗೊತ್ತಿದ್ದರೆ ಸಾಕು. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ವಾಡಿಕೆಯಂತೆ ಶುಕ್ರವಾರ ರಜೆ, ಹೊರಡುವ ದಿನ ಹೊಂದಿಸಿಕೊಳ್ಳಿ.

ಡಂಬಳ ಗದಗಿನಿಂದ ಇಪ್ಪತ್ತು ಕಿ.ಮೀ. ಚಿಲ್ಲರೆ, ಮುಂಡರಗಿ ತಾಲೂಕು. ದೊಡ್ಡಬಸಪ್ಪನ ಗುಡಿಯ ಹೊರಗೋಡೆ 24 ಕೋನಗಳ ನಕ್ಷತ್ರ. ಸುತ್ತು ಹಾಕುವಾಗ ಎಲ್ಲೂ ಸಪಾಟಾದ ಗೋಡೆ ಸಿಗುವುದಿಲ್ಲ. ಬಿಸಿಲು ಓರೆಯಾದಷ್ಟೂ ಅಂಚುಗಳು ಎದ್ದು ಕಾಣುತ್ತವೆ, ಹಾಗಾಗಿ ಮಧ್ಯಾಹ್ನದ ನೆತ್ತಿ ಬಿಸಿಲಿಗೆ ಹೋಗಬೇಡಿ. ಹಿಂದೆಯೇ ಕಪ್ಪತಗುಡ್ಡದ ಸಾಲು. 2019ರಲ್ಲಿ ವನ್ಯಜೀವಿ ಧಾಮವಾದ ಈ ಗುಡ್ಡ ಔಷಧಿ ಸಸ್ಯಗಳಿಗೆ ಹೆಸರುವಾಸಿ. ಹತ್ತುವ ಮನಸ್ಸಿದ್ದರೆ ಅರಣ್ಯ ಇಲಾಖೆಯನ್ನು ಮೊದಲು ಕೇಳಿ. ಬೇಸಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳುವ ಜಾಗ, ಬೀಡಿ-ಸಿಗರೇಟಿನ ಮಾತೇ ಬೇಡ.

ಲಕ್ಷ್ಮೇಶ್ವರ ರಸ್ತೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಷ್ಟೇ ಅರ್ಥ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಗೆ ಬಂದು ದಣಿವಾರಿಸಿಕೊಳ್ಳುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿ ಸೇರಿತು. ದುರ್ಬೀನು ತನ್ನಿ, ಗಾಢ ಬಣ್ಣದ ಅಂಗಿ ಬೇಡ. ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋದರೆ ಸೋಮೇಶ್ವರ ಗುಡಿಯೂ ದೂದ್‌ಪೀರಾಂ ದರ್ಗಾವೂ ಒಂದೇ ಸುತ್ತಿನಲ್ಲಿ ಆಗುತ್ತವೆ.

ಪಟ್ಟಣದಲ್ಲಿ ವೀರನಾರಾಯಣ ಗುಡಿ ಇದೆ, ಕುಮಾರವ್ಯಾಸ ಭಾರತ ಬರೆದದ್ದು ಇಲ್ಲೇ ಕೂತು ಎಂಬುದು ಊರಿನ ನಂಬಿಕೆ. ತ್ರಿಕೂಟೇಶ್ವರಕ್ಕೆ ಹೋದರೆ ಸರಸ್ವತಿ ಗುಡಿಯ ಕಂಬಗಳನ್ನು ಬಿಡಬೇಡಿ. ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗುವವರು ಅದು ಪ್ರೇಕ್ಷಣೀಯ ಸ್ಥಳವಲ್ಲ, ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಸಂಗೀತ ಶಾಲೆ ಎಂಬುದು ನೆನಪಿರಲಿ. ಕಣ್ಣಿಲ್ಲದ ಮಕ್ಕಳು ಪಾಠ ಕಲಿಯುತ್ತಿರುತ್ತಾರೆ. ಕೇಳಿ ಒಳಗೆ ಹೋಗಿ, ಮೊಬೈಲ್ ಕಿಸೆಯಲ್ಲೇ ಇರಲಿ.

ಊಟಕ್ಕೆ ಖಾನಾವಳಿ. ಜೋಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಿಸಿ ರೊಟ್ಟಿಯೋ ಕಟಕ ರೊಟ್ಟಿಯೋ ಎಂದು ಕೇಳಿದರೆ ಮೊದಲ ಸಲ ಬಿಸಿಯದ್ದನ್ನೇ ಹೇಳಿ. ಮಾಂಸದೂಟ ಬೇಕಿದ್ದವರಿಗೆ ಸಾವಜಿ ಖಾನಾವಳಿ; ಖಾರ ತಡೆಯುವವರಿಗೆ ಮಾತ್ರ. ಸಂಜೆ ಗಿರಮಿಟ್ಟು-ಮಿರ್ಚಿ ಎಲ್ಲಿ ಚೆನ್ನಾಗಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಜನ ನಿಂತಿರುವ ಬಂಡಿ ನೋಡಿದರಾಯಿತು.

ಬರುವ ಕಾಲ ನವೆಂಬರಿನಿಂದ ಫೆಬ್ರುವರಿ. ಮಳೆಯಲ್ಲಿ ಎರೆ ಮಣ್ಣು ಚಪ್ಪಲಿಗೆ ಅಂಟಿ ಕಾಲು ಎತ್ತಲು ಬಿಡುವುದಿಲ್ಲ, ಮಾರ್ಚ್ ದಾಟಿದರೆ ಬಿಸಿಲು ತಡೆಯಲಾಗದು. ಎಳ್ಳಮಾವಾಸ್ಯೆ ಸಿಕ್ಕಿದರೆ ಒಂದು ಎಚ್ಚರಿಕೆ: ಅಂದು ಹಳ್ಳಿಯ ಮಂದಿ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಕೊಡಲು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲ ಸೇರಿರುತ್ತಾರೆ, ಸಣ್ಣ ಊರುಗಳಲ್ಲಿ ಅಂಗಡಿ ಮುಚ್ಚಿರಬಹುದು. ನೀರಿನ ಬಾಟಲಿ ಗದಗಿನಲ್ಲೇ ತುಂಬಿಸಿಕೊಳ್ಳಿ. ಬುತ್ತಿ ಮಾತ್ರ ಕಟ್ಟಿಸಿಕೊಳ್ಳದಿದ್ದರೂ ನಡೆದೀತು. ಬದುವಿನ ಮೇಲೆ ಹೋಗುವವರನ್ನು ‘ಬರ್ರಿ, ಉಣ್ಣಾಕ ಬರ್ರಿ’ ಎಂದು ಕರೆಯದೆ ಬಿಡುವವರು ಆ ದಿನ ಕಡಿಮೆ.