ಚೆನ್ನಮ್ಮ ಉಟ್ಟ ಸೀರೆ ಯಾವುದು?

ಆಗಸ್ಟ್ 15 ಬಂತೆಂದರೆ, ನವೆಂಬರ್ 1 ಬಂತೆಂದರೆ, ನಡುವೆ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ಬಂತೆಂದರೆ ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಶಾಲೆಗಳ ಅಂಗಳದಲ್ಲಿ ಚೆನ್ನಮ್ಮರ ಸಂಖ್ಯೆ ಒಮ್ಮೆಲೇ ಏರುತ್ತದೆ. ಸಂಗೊಳ್ಳಿ ರಾಯಣ್ಣರೂ ಕಡಿಮೆಯಿಲ್ಲ. ಹಿಂದಿನ ದಿನ ಸಂಜೆ "ಅವ್ವಾ, ನಾಳೆ ಸಾಲ್ಯಾಗ ನಾ ಚೆನ್ನಮ್ಮ ಆಗಬೇಕಂತ" ಎಂದು ಮಗಳು ಸುದ್ದಿ ತರುತ್ತಾಳೆ. ಅವ್ವ ಅಪ್ಪನ ಮುಖ ನೋಡುತ್ತಾಳೆ. ಅಪ್ಪ ಬೈಕು ಹತ್ತಿ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಗೆ ಓಡುತ್ತಾನೆ. ಅಲ್ಲಿ ಸಿಗುವುದು ಮಿರಿಮಿರಿ ಮಿಂಚುವ ಸ್ಯಾಟಿನ್ ಬಟ್ಟೆ, ಅಂಚಿಗೆ ಬಂಗಾರ ಬಣ್ಣದ ಲೇಸು, ಬೆನ್ನಿಗೆ ಝಿಪ್ಪು, ಬೆಳ್ಳಿ ಕಾಗದ ಸುತ್ತಿದ ರಟ್ಟಿನ ಕತ್ತಿ. ಹೋದ ವರ್ಷ ಇದೇ ಬಟ್ಟೆ ಝಾನ್ಸಿ ರಾಣಿಯದಾಗಿತ್ತು. ಬರುವ ವಾರ ಒನಕೆ ಓಬವ್ವನದಾಗುತ್ತದೆ!

ಛದ್ಮವೇಷ ಸ್ಪರ್ಧೆ ಮುಗಿಯುತ್ತದೆ, ಫೋಟೋ ತೆಗೆಯುತ್ತಾರೆ, ಬಟ್ಟೆ ಮರಳಿ ಅಂಗಡಿಗೆ ಹೋಗುತ್ತದೆ. ಮಗುವಿಗೆ ಉಳಿಯುವುದು ಬಾಯಿಪಾಠ ಮಾಡಿದ ನಾಲ್ಕು ಸಾಲಿನ ಭಾಷಣ ಮತ್ತು ಕುತ್ತಿಗೆಯ ಬಳಿ ಲೇಸು ಚುಚ್ಚಿದ ತುರಿಕೆ. ಅದೇ ಉಡುಪನ್ನು ಮನೆಯಲ್ಲಿ ತಾವೇ ತಯಾರಿಸಲು ಕುಳಿತರೆ ಕಥೆಯೇ ಬೇರೆ. ಕತ್ತರಿ ಹಿಡಿದ ಮೊದಲ ಗಳಿಗೆಯಲ್ಲೇ ಒಂದು ಪ್ರಶ್ನೆ ಎದುರಿಗೆ ನಿಲ್ಲುತ್ತದೆ: ಚೆನ್ನಮ್ಮ ನಿಜವಾಗಿ ಉಟ್ಟದ್ದಾದರೂ ಏನು?

ಕ್ಯಾಮರಾ ಹುಟ್ಟುವ ಮೊದಲು

ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದದ್ದು 1824ರ ಅಕ್ಟೋಬರ್ 23ರಂದು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದ್ದು 1829ರ ಫೆಬ್ರುವರಿಯಲ್ಲಿ. ಛಾಯಾಚಿತ್ರ ತೆಗೆಯುವ ವಿದ್ಯೆ ಪ್ಯಾರಿಸ್ಸಿನಲ್ಲಿ ಪ್ರಕಟವಾದದ್ದು ಅದರ ಹತ್ತು ವರ್ಷಗಳ ಬಳಿಕ, 1839ರಲ್ಲಿ. ಅಂದಮೇಲೆ ರಾಣಿಯ ಫೋಟೋ ಇರುವ ಪ್ರಶ್ನೆಯೇ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ, ವೃತ್ತದ ಪ್ರತಿಮೆಯಲ್ಲಿ ಕಾಣುವ ಚೆನ್ನಮ್ಮ ಕಲಾವಿದರು ಶ್ರದ್ಧೆಯಿಂದ ಊಹಿಸಿಕೊಂಡ ಚೆನ್ನಮ್ಮ. 1961ರಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿ ರಾಣಿಯಾಗಿ ಬಂದ ಮೇಲಂತೂ ಆ ರೂಪವೇ ಜನರ ಕಣ್ಣಲ್ಲಿ ನಿಂತುಬಿಟ್ಟಿತು.

ಸರೋಜಾದೇವಿ ಆಗ ಇಪ್ಪತ್ತರ ಹರೆಯದ ತಾರೆ. ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ ಎಂಬ ಪ್ರತೀತಿಯನ್ನು ಒಪ್ಪಿದರೆ ಕಾಳಗದ ಹೊತ್ತಿಗೆ ಆಕೆಗೆ ನಲವತ್ತೈದು ದಾಟಿತ್ತು. ಗಂಡ ಮಲ್ಲಸರ್ಜ ದೇಸಾಯಿ ತೀರಿಕೊಂಡು ಎಂಟು ವರ್ಷಗಳಾಗಿದ್ದವು. ಹಾಗಾದರೆ ತಲೆಗೂದಲು ಎಷ್ಟು ನರೆತಿತ್ತು? ಮೈಮೇಲೆ ಎಷ್ಟು ಆಭರಣ ಇದ್ದೀತು? ಸೀರೆಯ ಬಣ್ಣ ಯಾವುದಿದ್ದೀತು? ಬಾಡಿಗೆ ಅಂಗಡಿಯಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಹೊಲಿಯುವವರು ಕೇಳದೆ ವಿಧಿಯಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಚೆನ್ನಮ್ಮನಿಗಿಂತ ಎರಡು ನೂರು ವರ್ಷ ಹಿಂದೆ ವಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲಶಾಹಿ ಏನು ತೊಡುತ್ತಿದ್ದನೆಂಬುದು ಚೆನ್ನಾಗಿಯೇ ಗೊತ್ತು. 1580ರಿಂದ 1627ರವರೆಗೆ ರಾಜ್ಯವಾಳಿದ ಈ ಸಂಗೀತಪ್ರೇಮಿ ಸುಲ್ತಾನನನ್ನು ಎದುರಿಗೇ ಕಂಡ ಆಸ್ಥಾನದ ಚಿತ್ರಕಾರರು ತೆಳು ಜಾಮಾ, ಸೊಂಟದ ಪಟ್ಟಿ, ತಲೆಯ ರುಮಾಲುಗಳನ್ನು ಮಡಿಕೆ ಮಡಿಕೆಯಾಗಿ ಬರೆದಿಟ್ಟರು. ಕಿತ್ತೂರಿನ ರಾಣಿಗೆ ಆ ಭಾಗ್ಯವಿಲ್ಲ. ಹತ್ತಿರದ ಇತಿಹಾಸವೇ ಮಸುಕಾಗಿ, ದೂರದ್ದು ಸ್ಪಷ್ಟವಾಗಿರುವುದೂ ಉಂಟು!

ಪಾರಿಜಾತದ ಸತ್ಯಭಾಮೆಗೆ ಈ ಕಾಟವಿಲ್ಲ

ಮೂಡಲಗಿ ಸೀಮೆಗೆ ವೇಷಭೂಷಣ ಹೊಸದೇನಲ್ಲ. ಇದು ಶ್ರೀಕೃಷ್ಣ ಪಾರಿಜಾತದ ನಾಡು. ಆ ಆಟವನ್ನು ರಂಗಕ್ಕೆ ಒಪ್ಪುವಂತೆ ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನು ಆಡಿ ಮನೆಮಾತಾದ ಕೌಜಲಗಿ ನಿಂಗಮ್ಮ ಇಬ್ಬರ ಊರುಗಳೂ ಇಲ್ಲೇ ಇವೆ. ಪಾರಿಜಾತದ ಸತ್ಯಭಾಮೆ ದ್ವಾರಕೆಯವಳಾದರೂ ಮಾತಾಡುವುದು ಈ ಕಡೆಯ ಮಾತು, ಮುನಿಸಿಕೊಳ್ಳುವುದು ಈ ಕಡೆಯ ಹೆಣ್ಣುಮಗಳ ಹಾಗೆ. ಕೃಷ್ಣನ ತಲೆಯ ಮೇಲೆ ಕಿರೀಟ, ಕಿರೀಟದ ಮೇಲೆ ನವಿಲುಗರಿ ಇದ್ದರೆ ಸಾಕು, "ದ್ವಾರಕೆಯಲ್ಲಿ ಹೀಗೆಯೇ ಇತ್ತೇ?" ಎಂದು ನಡುರಾತ್ರಿಯಲ್ಲಿ ಎದ್ದು ಕೇಳುವ ಪ್ರೇಕ್ಷಕ ಇನ್ನೂ ಹುಟ್ಟಿಲ್ಲ.

ಪುರಾಣದ ವೇಷಕ್ಕೆ ಸಂಪ್ರದಾಯವೇ ಸಾಕ್ಷಿ. ಇತಿಹಾಸದ ಉಡುಪಿಗೆ ಬೇರೆ ಸಾಕ್ಷಿ ಬೇಕು. ಈ ವ್ಯತ್ಯಾಸ ಒಂದು ಸಲ ಮನಸ್ಸಿಗೆ ಹೊಳೆದರೆ ವಿದ್ಯಾರ್ಥಿಗೆ ಅರ್ಧ ಇತಿಹಾಸ ತಿಳಿದಂತೆಯೇ.

ಮೊದಲು ಕಳೆಯಿರಿ, ಆಮೇಲೆ ಕೂಡಿಸಿರಿ

ಏನಿತ್ತು ಎಂದು ಹೇಳುವುದು ಕಷ್ಟ. ಏನು ಇರಲಿಲ್ಲ ಎಂದು ಹೇಳುವುದು ಸುಲಭ. ಆದ್ದರಿಂದ ಈ ಹವ್ಯಾಸವನ್ನು ಕಳೆಯುವ ಲೆಕ್ಕದಿಂದ ಆರಂಭಿಸುವುದು ಜಾಣತನ. ಬಾಡಿಗೆಯ ಉಡುಪನ್ನೇ ಮುಂದಿಟ್ಟುಕೊಳ್ಳಿ. ಈಗಿನ ಮಾದರಿಯ ಝಿಪ್ಪು 1913ರ ಹೊತ್ತಿನದು, ತೆಗೆಯಿರಿ. ಮಿಂಚುವ ಪಾಲಿಯೆಸ್ಟರ್ ನೂಲು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1941ರಲ್ಲಿ, ಅದೂ ಹೋಯಿತು. ಕಣ್ಣು ಕುಕ್ಕುವ ನೇರಳೆ, ರಾಣಿ ಗುಲಾಬಿ ಬಣ್ಣಗಳ ಮೂಲ ಪರ್ಕಿನ್ ಎಂಬ ಹದಿನೆಂಟರ ಹುಡುಗ 1856ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದ ರಾಸಾಯನಿಕ ಬಣ್ಣ, ಅವೂ ಇಲ್ಲ. ಹೊಲಿಗೆ ಯಂತ್ರ ಜಗತ್ತಿನಲ್ಲಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಿಂದೀಚೆಗೆ. ಆದ್ದರಿಂದ 1824ರ ಹೊಲಿಗೆಯೆಲ್ಲ ಕೈಹೊಲಿಗೆ. ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿ ಸ್ಥಾಪನೆಯಾದದ್ದು 1885ರಲ್ಲಿ. ಅದಕ್ಕಿಂತ ಅರವತ್ತು ವರ್ಷ ಮೊದಲಿನ ಮಾತು ಇದು. ಮನೆ ಮನೆಯ ರಾಟೆಯ ನೂಲು, ಊರ ನೇಕಾರನ ಮಗ್ಗ.

ಇಷ್ಟು ಕಳೆದ ಮೇಲೆ ಉಳಿಯುವುದು ಹತ್ತಿ, ರೇಷ್ಮೆ, ಉಣ್ಣೆ. ಬಣ್ಣಕ್ಕೆ ನೀಲಿ, ಅರಿಶಿನ, ಮಂಜಿಷ್ಠ, ದಾಳಿಂಬೆ ಸಿಪ್ಪೆ. ಇಲ್ಲಿಂದ ಕೂಡಿಸುವ ಲೆಕ್ಕ ಆರಂಭ.

ಕುದುರೆ ಏರುವ ಹೆಂಗಸು ಸೀರೆಯನ್ನು ಕಚ್ಚೆ ಹಾಕಿ ಉಟ್ಟಿರಬೇಕು ಎಂಬುದು ಸಮಂಜಸವಾದ ಊಹೆ. ಕಚ್ಚೆಗೆ ಒಂಬತ್ತು ಗಜ, ಎಂದರೆ ಹದಿನೆಂಟು ಮೊಳದ ಸೀರೆ ಬೇಕು. ಅವ್ವನ ಇಂದಿನ ಸೀರೆ ಐದೂವರೆ ಮೀಟರಿನದು. ದೊಡ್ಡವರಿಗೆ ಸಾಲದು, ಆದರೆ ಐದನೇ ಇಯತ್ತೆಯ ಹುಡುಗಿಗೆ ಬೇಕಾದಷ್ಟಾಯಿತು. ಇಳಕಲ್ ಮಾದರಿಯ ಹತ್ತಿ ಸೀರೆ ಮನೆಯಲ್ಲಿದ್ದರೆ ಅದೇ ಒಳ್ಳೆಯದು. ಅದರ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ಹಲ್ಲುಗಳ ಸಾಲಿನಂತೆ ಕಾಣುವ ತೆನೆಯನ್ನು ಮಕ್ಕಳು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಬೇಕು. ಚೆನ್ನಮ್ಮ ಇದನ್ನೇ ಉಟ್ಟಿದ್ದಳೆಂದು ಹೇಳಲು ಬರುವುದಿಲ್ಲ; ಇಂಥದ್ದು ಆ ಕಾಲಕ್ಕೆ ಒಪ್ಪುತ್ತದೆ ಎನ್ನಬಹುದು. ಈ ಎರಡು ಮಾತುಗಳ ನಡುವಿನ ಅಂತರವನ್ನು ಕಾಯ್ದುಕೊಳ್ಳುವುದೇ ಇಲ್ಲಿನ ಶಿಸ್ತು.

ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ಉಡಿ ತುಂಬುವಾಗ ಮೂರು ಮೂಲೆಯಾಗಿ ಮಡಚಿ ಕೊಡುವ ಅದೇ ಖಣ. ಇದರ ಅಗಲ ಕಡಿಮೆ, ಸುಮಾರು ಮೂವತ್ತು ಇಂಚು. ಆದ್ದರಿಂದ ಹಳೆಯ ಕಾಲದ ಕುಪ್ಪಸದಲ್ಲಿ ಬಟ್ಟೆ ಪೋಲು ಮಾಡುವುದಿಲ್ಲ. ಗುಂಡಿ, ಹುಕ್ಕುಗಳಿಲ್ಲ, ಮುಂದೆ ಎರಡು ತುದಿ ಎಳೆದು ಗಂಟು ಹಾಕಿದರೆ ಮುಗಿಯಿತು. ಮೊದಲು ಹಳೆಯ ದಿನಪತ್ರಿಕೆಯನ್ನು ಕತ್ತರಿಸಿ ಮೈಗೆ ಹಿಡಿದು ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕುವುದು ಉತ್ತಮ. ಕಾಗದ ಹಾಳಾದರೆ ಯಾರೂ ಬೈಯುವುದಿಲ್ಲ!

ಬಣ್ಣದ ಕೆಲಸ ಮಕ್ಕಳಿಗೆ ಬಲು ಇಷ್ಟವಾಗುವಂಥದ್ದು. ದಾಳಿಂಬೆ ಸಿಪ್ಪೆ ಕುದಿಸಿದ ನೀರಿಗೆ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಸ್ಫಟಿಕದ ಪುಡಿ ಬೆರೆಸಿ ಬಿಳಿ ಹತ್ತಿ ಬಟ್ಟೆ ಅದ್ದಿದರೆ ಹಳದಿ ಬಣ್ಣ ಹಿಡಿಯುತ್ತದೆ. ಅದೇ ನೀರಿಗೆ ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ಸೇರಿದರೆ ಬಟ್ಟೆ ಕಪ್ಪಡರುತ್ತದೆ. ಅರಿಶಿನದ ಬಣ್ಣ ಕ್ಷಣದಲ್ಲಿ ಏರಿ ನಾಲ್ಕು ಬಿಸಿಲಿಗೆ ಇಳಿದುಹೋಗುತ್ತದೆ. ಒಲೆಯ ಮುಂದೆ ದೊಡ್ಡವರು ಇರಲೇಬೇಕು. ಈ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬಾರದು.

ರಾಯಣ್ಣನ ಕಂಬಳಿ

1831ರಲ್ಲಿ ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನ ವಿಷಯಕ್ಕೆ ಬಂದರೆ ಕೆಲಸ ಇನ್ನೂ ಹಗುರ. ಆತ ಅರಸನಲ್ಲ. ಭೂಮಿ ಉಂಬಳಿ ಪಡೆದು ಊರ ಕಾವಲು, ಕಾಳಗ ನೋಡಿಕೊಳ್ಳುವ ಶೇತಸನದಿ. ಗುಡ್ಡ ಕಾಡುಗಳಲ್ಲಿ ಅಡಗಿ ಹೋರಾಡಿದವನಿಗೆ ಜರಿ ಅಂಚಿನ ಮಖಮಲ್ಲು ಅಂಗಿ ಎಲ್ಲಿಂದ ಬರಬೇಕು? ದಪ್ಪ ಹತ್ತಿಯ ಧೋತರ, ರುಮಾಲು, ಹೆಗಲಿಗೊಂದು ಕರಿ ಕಂಬಳಿ. ಇಷ್ಟರಲ್ಲೇ ನಂಬುವಂಥ ರಾಯಣ್ಣ ಎದ್ದು ನಿಲ್ಲುತ್ತಾನೆ. ಕಂಬಳಿಯನ್ನು ಹುಡುಕಿಕೊಂಡು ಪೇಟೆಗೆ ಹೋಗಬೇಕಾಗಿಯೂ ಇಲ್ಲ. ಕುರುಬರ ಮನೆಗಳಲ್ಲಿ ಕೇಳಿದರೆ ಅದು ಹೇಗೆ ನೇಯ್ದದ್ದು, ಮಳೆಯಲ್ಲಿ ಅದನ್ನು ಕೊಪ್ಪೆ ಹಾಕಿಕೊಳ್ಳುವುದು ಹೇಗೆ ಎಂಬುದನ್ನೂ ಹೇಳಿಕೊಡುತ್ತಾರೆ. ರುಮಾಲು ಸುತ್ತುವ ವಿದ್ಯೆಗೆ ಮನೆಯ ಮುತ್ಯಾನೇ ಗುರು. ಮೊದಲ ಸಲ ಮೊಮ್ಮಗನ ತಲೆಯ ಮೇಲೆ ಅದು ಹುಲ್ಲಿನ ಬಣವೆಯಂತೆ ಕೂರುತ್ತದೆ. ನಾಲ್ಕನೆಯ ಸಲಕ್ಕೆ ಹದ ಬರುತ್ತದೆ.

ಇನ್ನೂ ಹಿಂದಕ್ಕೆ, ಹನ್ನೆರಡನೆಯ ಶತಮಾನದ ಶರಣರ ಕಾಲಕ್ಕೆ ಹೋಗುವುದಾದರೆ ಕಲ್ಲೇ ಆಧಾರ. ಊರ ಬದಿಯ ವೀರಗಲ್ಲುಗಳಲ್ಲಿ, ಹಳೆಯ ಗುಡಿಗಳ ಶಿಲ್ಪಗಳಲ್ಲಿ ನಡುವಿಗೆ ಬಟ್ಟೆ ಹೇಗೆ ಸುತ್ತಿದ್ದಾರೆ, ಕೂದಲು ಹೇಗೆ ಕಟ್ಟಿದ್ದಾರೆ ಎಂದು ನೋಡಿ ಚಿತ್ರ ಬರೆದುಕೊಳ್ಳಬಹುದು. ಕಲ್ಲು ಆಕಾರ ಹೇಳುತ್ತದೆ, ಬಣ್ಣ ಹೇಳುವುದಿಲ್ಲ.

ಹೇಗೆ ಗೊತ್ತು?

ಉಡುಪು ತಯಾರಾದ ಮೇಲೆ ಬರುವುದು ಚರ್ಚೆ. ನಿಜವಾದ ಸ್ವಾರಸ್ಯ ಇರುವುದೂ ಅಲ್ಲೇ. ಸ್ಪರ್ಧೆಯಲ್ಲಿ ತೀರ್ಪುಗಾರರು "ನಿನ್ನ ಡೈಲಾಗ್ ಹೇಳು" ಎನ್ನುವ ಬದಲು "ಈ ಕುಪ್ಪಸ ಹೀಗೇ ಇತ್ತು ಅಂತ ಹೇಗೆ ಗೊತ್ತು?" ಎಂದು ಕೇಳಿ ನೋಡಬೇಕು. ಮಕ್ಕಳು ಒಂದು ರಟ್ಟಿನ ಮೇಲೆ ತಮ್ಮ ಉಡುಪಿನ ಒಂದೊಂದು ಭಾಗದ ಎದುರಿಗೂ ನೋಡಿದ್ದು, ಕೇಳಿದ್ದು, ಊಹಿಸಿದ್ದು ಎಂಬ ಮೂರು ಮಾತುಗಳಲ್ಲಿ ಒಂದನ್ನು ಬರೆದಿಟ್ಟರೆ ಸಾಕು. ಊಹಿಸಿದ್ದು ಎಂದು ಬರೆಯಲು ನಾಚಿಕೆಪಡಬೇಕಾಗಿಲ್ಲ. ದೊಡ್ಡ ದೊಡ್ಡ ಸಿನಿಮಾಗಳೇ ಆ ಮಾತನ್ನು ಬರೆಯದೆ ದಾಟಿಹೋಗಿವೆ.

ಹೊರದೇಶಗಳಲ್ಲಿ ಇದು ಶಾಸ್ತ್ರದ ಮಟ್ಟಕ್ಕೆ ಬೆಳೆದಿದೆ. ಇಂಗ್ಲೆಂಡಿನ ಜಾನೆಟ್ ಆರ್ನಾಲ್ಡ್ ಎಂಬ ಮಹಿಳೆ ವಸ್ತು ಸಂಗ್ರಹಾಲಯಗಳಲ್ಲಿ ಕುಳಿತು ಹಳೆಯ ಉಡುಪುಗಳ ಹೊಲಿಗೆ ಹೊಲಿಗೆಯನ್ನೂ ಅಳೆದು ನಕ್ಷೆ ಬರೆದರು. 1964ರಿಂದ ಪ್ರಕಟವಾದ ಅವರ ಪುಸ್ತಕಗಳನ್ನು ಮುಂದಿಟ್ಟುಕೊಂಡು ಜನ ಇಂದಿಗೂ ಹೊಲಿಯುತ್ತಾರೆ. ಅಹಮದಾಬಾದಿನಲ್ಲಿ 1949ರಲ್ಲಿ ಆರಂಭವಾದ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯವೂ ನೋಡತಕ್ಕದ್ದು.

"ಪರೀಕ್ಷೆ ಬಂತು, ಈ ಸೂಜಿ ದಾರದ ಆಟ ಯಾಕೆ?" ಎಂದು ಕೇಳುವ ತಂದೆತಾಯಿಗೆ ಇಲ್ಲಿಂದ ಹೆಚ್ಚು ದೂರವಲ್ಲದ ಕೊಲ್ಹಾಪುರದ ಒಂದು ಉದಾಹರಣೆ ಸಾಕು. ಅಲ್ಲಿ 1929ರಲ್ಲಿ ಹುಟ್ಟಿದ ಭಾನು ಅಥಯ್ಯ 'ಗಾಂಧಿ' ಚಿತ್ರದ ಉಡುಪುಗಳಿಗಾಗಿ 1983ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು. ಎಲ್ಲರ ಮನೆಯಲ್ಲೂ ಆಸ್ಕರ್ ಬರುವುದಿಲ್ಲ, ನಿಜ. ಆದರೆ ರವಿವಾರದ ಎರಡು ತಾಸಿನಲ್ಲಿ ಅಳತೆಯ ಗಣಿತ, ಬಣ್ಣದ ರಸಾಯನ, ಇಸವಿಗಳ ಇತಿಹಾಸ ಒಟ್ಟಿಗೇ ಸಿಗುವುದಾದರೆ ಅದಕ್ಕೆ ಟ್ಯೂಷನ್ ಶುಲ್ಕವೂ ಇಲ್ಲ.

ಟ್ರಂಕಿನಲ್ಲಿ ಉಳಿದದ್ದು

ಆದರೆ ತಡಮಾಡುವಂತಿಲ್ಲ. ಈ ಹವ್ಯಾಸದ ಅಸಲಿ ಸಾಮಗ್ರಿ ಇರುವುದು ಆಯಿಯ ಟ್ರಂಕಿನಲ್ಲಿ, ಮತ್ತು ಅದು ವರ್ಷ ವರ್ಷ ಕರಗುತ್ತಿದೆ. ಓಣಿಗೆ ಬರುವ ಭಾಂಡೆ ಮಾರುವವರಿಗೆ ನಾಲ್ಕು ಹಳೆಯ ಸೀರೆ ಕೊಟ್ಟರೆ ಒಂದು ಸ್ಟೀಲ್ ಬೋಗುಣಿ ಬರುತ್ತದೆ. ಹೀಗೆ ಹೋದವುಗಳಲ್ಲಿ ಕಸೂತಿ ಹಾಕಿದ ಕರಿಯ ಚಂದ್ರಕಾಳಿ ಸೀರೆಗಳೆಷ್ಟೋ! ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಯಲ್ಲಿ ತೇರು, ತೊಟ್ಟಿಲು, ತುಳಸಿ ಕಟ್ಟೆಗಳನ್ನು ಎಳೆ ಎಣಿಸಿ ಮೂಡಿಸಿದ ಕೈಗಳು ಈಗಿಲ್ಲ. ಅಂಥ ಒಂದು ಸೀರೆಯ ಬೆಲೆ ಬೋಗುಣಿಯ ತೂಕದಲ್ಲಿ ತೀರ್ಮಾನವಾಗುತ್ತದೆ. ಹರಿದ ಖಣ, ಸೀರೆ ಸೇರಿಸಿ ಹೊಲಿದ ಕೌದಿಗಳಾದರೂ ಪುಣ್ಯಕ್ಕೆ ಅಲ್ಲಲ್ಲಿ ಉಳಿದಿವೆ. ಹಳೆಯ ಕೌದಿಯನ್ನು ಬಿಸಿಲಿಗೆ ಹಾಕಿದಾಗ ಮಕ್ಕಳು ಅದರ ತುಂಡುಗಳನ್ನು ಎಣಿಸಿ, ಯಾವುದು ಯಾರ ಸೀರೆ ಎಂದು ಆಯಿಯನ್ನು ಕೇಳಲಿ. ಒಂದು ಮಧ್ಯಾಹ್ನ ಸಾಲುವುದಿಲ್ಲ.

ಉಳಿದ ಹಳೆಯ ಸೀರೆಯನ್ನು ವೇಷಕ್ಕಾಗಿ ಕತ್ತರಿಸಬಾರದು. ಅದನ್ನು ನೋಡಿಕೊಂಡು ಹೊಸ ಬಟ್ಟೆಯಲ್ಲಿ ಮಾಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನ ಸೊಪ್ಪನ್ನು ಬೇರೆ ಗಂಟಿನಲ್ಲಿ ಕಟ್ಟಿ ಪಕ್ಕಕ್ಕಿಡಬೇಕು. ಆರು ತಿಂಗಳಿಗೊಮ್ಮೆ ಬಿಚ್ಚಿ, ನೆರಳಿನಲ್ಲಿ ಗಾಳಿಯಾಡಿಸಿ, ಮಡಿಕೆಯ ಗೆರೆ ಬದಲಿಸಬೇಕು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ರೇಷ್ಮೆ ಅಲ್ಲಿಯೇ ಸೀಳುತ್ತದೆ. ಜೊತೆಗೊಂದು ಚೀಟಿ ಇರಲಿ. ಯಾರು ಉಟ್ಟದ್ದು, ಯಾವ ಊರ ಸಂತೆಯಲ್ಲಿ ತಂದದ್ದು, ಯಾರ ಮದುವೆಯದು ಎಂದು ಮಕ್ಕಳೇ ಕೇಳಿ, ಪೆನ್ಸಿಲ್ಲಿನಲ್ಲಿ ಬರೆಯಲಿ. ಶಾಯಿ ಬಟ್ಟೆಗೆ ಇಳಿಯುತ್ತದೆ.