ಬಿಟ್ಟಿ ಬೇರೆ, ಓಪನ್ ಸೋರ್ಸ್ ಬೇರೆ

ಕಳೆದ ಮಳೆಗಾಲದಲ್ಲಿ ಮೆಣಸೆಯ ನಮ್ಮ ಮಾಮೂ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಒಂದು ಫೈಲೂ ತೆರೆಯಲಿಲ್ಲ. ಹಣ ಕಳಿಸಿದರೆ ಬಿಡಿಸಿಕೊಡುತ್ತೇವೆ ಎಂಬ ಬರಹ ಮಾತ್ರ ಇತ್ತು. ಎರಡು ವರ್ಷದ ಉದ್ರಿ ಲೆಕ್ಕ ಹೋಯಿತು. ಬಿಲ್ ಮಾಡುವ ಸಾಫ್ಟ್‌ವೇರನ್ನು ಪರಿಚಯದವರೊಬ್ಬರು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟಿದ್ದರು. "ಬಿಟ್ಟಿ ಸಿಕ್ಕಿದ್ದು, ಓಪನ್ ಸೋರ್ಸ್ ಅಂದ್ರೆ ಇದೇ ಅಲ್ವಾ?" ಎಂದು ಮಾಮೂ ನನ್ನನ್ನೇ ಕೇಳಿದರು. ನನಗೂ ಆಗ ಉತ್ತರ ಗೊತ್ತಿರಲಿಲ್ಲ.

ಸಾಫ್ಟ್‌ವೇರ್ ಬರೆದವರು ಬರೆದ ಮೂಲ ಸೂಚನೆಗಳೇ ಸೋರ್ಸ್ ಕೋಡ್. ಕಾಮರ್ಸ್‌ನವರಾದ ನಮಗೆಲ್ಲ ಗೊತ್ತಿರುವ ಬೆಂಗಳೂರಿನ ಟ್ಯಾಲಿ ಕ್ಲೋಸ್ಡ್ ಸೋರ್ಸ್. ಅದರ ಕೋಡನ್ನು ಹೊರಗಿನವರು ಓದುವಂತಿಲ್ಲ. ಲಿನಕ್ಸ್, ಲಿಬ್ರೆ ಆಫೀಸ್ ಓಪನ್ ಸೋರ್ಸ್. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಲೆಕ್ಕದ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟ ಹಾಗೆ. ಆದರೆ ತೆರೆದಿಟ್ಟ ಮಾತ್ರಕ್ಕೆ ಆಡಿಟ್ ಆಯಿತೆಂದಲ್ಲ.

ಓಪನ್ ಎಸ್‌ಎಸ್‌ಎಲ್ ಎಂಬ ಓಪನ್ ಸೋರ್ಸ್ ಕೋಡನ್ನು ಲೋಕದ ಅಸಂಖ್ಯ ವೆಬ್‌ಸೈಟುಗಳು ನಂಬಿದ್ದವು. 2012ರಲ್ಲಿ ಅದರೊಳಗೆ ಸೇರಿದ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಎಲ್ಲರೂ ನೋಡಬಹುದಾಗಿತ್ತು, ನೋಡುವ ಕೆಲಸ ಯಾರದೂ ಆಗಿರಲಿಲ್ಲ. 2024ರ ಎಕ್ಸ್‌ಝಡ್ ಪ್ರಕರಣ ಇನ್ನೂ ವಿಚಿತ್ರ. ವರ್ಷಗಟ್ಟಲೆ ನೆರವಾಗಿ ನಂಬಿಕೆ ಗಳಿಸಿದವನೇ ಕಳ್ಳದಾರಿ ಇಟ್ಟಿದ್ದ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ಅದನ್ನು ಹಿಡಿದರು. ಒಳಗೆ ಇಣುಕಲು ಅವಕಾಶವಿದ್ದದ್ದರಿಂದಲೇ ಇದು ಸಾಧ್ಯವಾಯಿತು. ಅರ್ಧ ಸೆಕೆಂಡ್! ನಮ್ಮ ಲ್ಯಾಬಿನಲ್ಲಾದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಕ್ಲೋಸ್ಡ್ ಸೋರ್ಸ್‌ನಲ್ಲಿ ಕಂಪನಿಯನ್ನು ನಂಬಬೇಕು, ಅದು ಕಳಿಸುವ ಅಪ್‌ಡೇಟ್ ಹಾಕಿಕೊಳ್ಳಬೇಕು. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ಹಾಕಿಕೊಳ್ಳದವರ ಕಂಪ್ಯೂಟರುಗಳನ್ನು ಮೇ ತಿಂಗಳಲ್ಲಿ ವಾನಾಕ್ರೈ ಹಿಡಿಯಿತು.

ಮಾಮೂ ಅಂಗಡಿಯಲ್ಲಿದ್ದದ್ದು ಇವೆರಡೂ ಅಲ್ಲ. ಅದು ಬೀಗ ಮುರಿದ ಕ್ಲೋಸ್ಡ್ ಸೋರ್ಸ್, ಅಂದರೆ ಕ್ರ್ಯಾಕ್. ಕೋಡ್ ನಮಗೂ ಕಾಣದು, ಕಂಪನಿಯ ಹೊಣೆಯೂ ಇಲ್ಲ, ಅಪ್‌ಡೇಟ್ ಬಾರದು. ನಡುವೆ ಯಾರೋ ಕೈಯಾಡಿಸಿದ್ದಾರೆ, ಏನು ಸೇರಿಸಿದರೋ ಗೊತ್ತಿಲ್ಲ. ವೈರಸ್ ಅದರಿಂದಲೇ ಬಂತೆಂದು ನಾನು ಸಾಬೀತು ಮಾಡಲಾರೆ. ಆದರೂ ನಮ್ಮಲ್ಲಿ ಎಷ್ಟು ಜನರ ಲ್ಯಾಪ್‌ಟಾಪಿನಲ್ಲಿ ಕ್ರ್ಯಾಕ್ ಇದೆ, ನೀವೇ ಹೇಳಿ.

ಈಗ ಲಿಬ್ರೆ ಆಫೀಸನ್ನು ಅದರ ಸ್ವಂತ ಸೈಟಿನಿಂದಲೇ ಇಳಿಸಿ ಮಾಮೂಗೆ ಹಾಕಿಕೊಟ್ಟಿದ್ದೇನೆ. ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ತೆಗೆದು, ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡುತ್ತೇವೆ. ಹಳೆಯ ಉದ್ರಿಯವರಲ್ಲಿ ಕೆಲವರು ತಾವಾಗಿಯೇ ಬಂದು ಬಾಕಿ ಕೊಟ್ಟರು. ಉಳಿದವರ ಹೆಸರು ಮಾಮೂಗೆ ನೆನಪಿದೆ, ಮೊತ್ತ ನೆನಪಿಲ್ಲ.